ಹೋದ ವಾರದ ಕೆಲಸ

"ಹೋದ ವಾರ ಸಂಬಳಕ್ಕಾಗಲಿ, ಸ್ವಂತ ವ್ಯಾಪಾರದಲ್ಲಾಗಲಿ ಏನಾದ್ರೂ ಕೆಲಸ ಮಾಡಿದ್ರಾ?" ಫೋನಿನಲ್ಲಿ ಸರ್ಕಾರಿ ಉದ್ಯೋಗ ಸಮೀಕ್ಷೆಯ ಡೆನೀಸ್ ಎಂದಿನಂತೆ ಕೇಳಿದಳು.

"ಹೂಂ, ಮಾಡಿದೆ," ಎಂದುಬಿಟ್ಟಳು ರೊಸಾಲಿ. ಐವತ್ತು ದಾಟಿದ ಹೆಂಗಸು, ಸರ್ಕಾರದವರಿಗೆ ಹೀಗೆ ಹಸಿ ಸುಳ್ಳು ಹೇಳಿದ್ದು ಇದೇ ಮೊದಲು.

ದೇಶದಲ್ಲಿ ಎಷ್ಟು ಹೆಂಗಸರು ಉದ್ಯೋಗದಲ್ಲಿದ್ದಾರೆ, ಬೇರೆ ಸಿರಿವಂತ ದೇಶಗಳಿಗಿಂತ ನಾವು ಮುಂದೋ ಹಿಂದೋ ಎಂದು ಲೆಕ್ಕ ಹಾಕುವವರು ಒಂದು ಮನೆಯನ್ನು ಆರಿಸಿಕೊಂಡರೆ ಆರು ತಿಂಗಳು ಬಿಡುವುದಿಲ್ಲ. ತಿಂಗಳಿಗೊಂದು ಕರೆ. ಕೆನಡಾದ ನ್ಯೂ ಬ್ರನ್ಸ್‌ವಿಕ್‌ನ ಕಡಲಂಚಿನ ಈ ಮನೆಗೆ ಮೊದಲ ಕರೆ ಬಂದಾಗ ರೊಸಾಲಿಯ ತಾಯಿ ಇನ್ನೂ ಬದುಕಿದ್ದಳು. ಹಾಸಿಗೆ ಹಿಡಿದ ಅವಳಿಗಾಗಿಯೇ ರೊಸಾಲಿ ಏಡಿ ಕಾರ್ಖಾನೆಯ ಕೆಲಸ ಬಿಟ್ಟಿದ್ದಳು. ಎತ್ತಿ ಕೂರಿಸುವುದು, ಮೈ ಒರೆಸುವುದು, ತುತ್ತು ತುತ್ತಾಗಿ ತಿನ್ನಿಸುವುದು, ನೆಲಕ್ಕೆ ಬೆನ್ನು ಹಚ್ಚಲೂ ಪುರುಸೊತ್ತಿರಲಿಲ್ಲ. ಆದರೂ ಪ್ರತಿ ತಿಂಗಳೂ "ಇಲ್ಲ" ಎಂದೇ ಉತ್ತರಿಸಬೇಕಾಗಿತ್ತು. ಸಂಬಳವಿಲ್ಲದ್ದನ್ನು ಆ ಲೆಕ್ಕ ಕೆಲಸವೆಂದು ಒಪ್ಪುವುದಿಲ್ಲವಲ್ಲ. ಕ್ರಿಸ್‌ಮಸ್‌ಗೆ ಮುಂಚೆ ತಾಯಿ ತೀರಿಕೊಂಡಳು. ಅಷ್ಟರಲ್ಲಿ ಕಾರ್ಖಾನೆಯವರು ಇವಳ ಜಾಗಕ್ಕೆ ಬೇರೆಯವಳನ್ನು ತಂದುಕೊಂಡಿದ್ದರು.

ಆಮೇಲೆ ಮನೆಯಲ್ಲಿ ಮಾತೇ ನಿಂತುಹೋಯಿತು. ಜನವರಿಯ ಕರೆಗೆ ರೊಸಾಲಿ ಕಾದು ಕೂತಿದ್ದಳು. ಅದು ಶುರುವಾಗಿದ್ದೂ ಗೊತ್ತಾಗಲಿಲ್ಲ, ಮುಗಿದಿದ್ದೂ ಗೊತ್ತಾಗಲಿಲ್ಲ. "ಇಷ್ಟೇನಾ?" ಎಂದಾಗ ಡೆನೀಸ್ ನಕ್ಕು, "ಕೆಲಸ ಇದ್ದೋರಿಗೇ ಪ್ರಶ್ನೆ ಜಾಸ್ತಿ. ನಿಮಗೂ ಒಂದು ಕೆಲಸ ಇದ್ದಿದ್ರೆ ಚೆನ್ನಾಗಿ ತಲೆ ತಿಂತಿದ್ದೆ," ಎಂದಿದ್ದಳು. ಇವತ್ತಿನದು ಕೊನೆಯ ಕರೆ. ತನ್ನನ್ನು ಏನಾದರೂ ಕೇಳುವ ದನಿ ಇನ್ನೊಂದಷ್ಟು ಹೊತ್ತು ಕಿವಿಯಲ್ಲಿರಲಿ ಎಂದು ರೊಸಾಲಿಗೆ ಆಸೆ.

"ಒಳ್ಳೇ ಸುದ್ದಿ. ಎಲ್ಲಿ ಸಿಕ್ತು?"

"ನಮ್ಮ ಏಡಿ ಕಾರ್ಖಾನೇಲೇ. ಬೇಯಿಸಿದ ಏಡಿಯ ಕಾಲು ಮುರಿದು ಪೆಟ್ಟಿಗೆಗೆ ತುಂಬೋದು. ಪಕ್ಕದಲ್ಲಿ ಎಡ್ಮೀ ಅಂತ ಇದ್ದಾಳೆ, ಬಾಯಿಗೆ ಬೀಗವೇ ಇಲ್ಲ. ಬೆಳಗ್ಗೆ ಗಂಡನ್ನ ಬಯ್ಯೋಕೆ ಶುರು ಮಾಡಿದ್ರೆ ಊಟದ ಹೊತ್ತಿಗೂ ಮುಗಿಯಲ್ಲ."

ಡೆನೀಸ್ ಜೋರಾಗಿ ನಕ್ಕಳು. ರೊಸಾಲಿಗೆ ಉತ್ಸಾಹ ಬಂತು. ಪಾಳಿ ಎಷ್ಟು ಹೊತ್ತಿಗೆ, ಮೇಲ್ವಿಚಾರಕ ಎಂಥವನು, ಕೈ ಎಷ್ಟು ಬೇಗ ಮರಗಟ್ಟುತ್ತದೆ, ಕೇಳಿದ್ದಕ್ಕೂ ಕೇಳದ್ದಕ್ಕೂ ಹೇಳುತ್ತಾ ಹೋದಳು. ಆ ಕಡೆ ಕೀಲಿಮಣೆಯ ಟಕಟಕ ಸದ್ದು ನಿಂತುಹೋಯಿತು.

"ರೊಸಾಲಿಯವರೇ," ಡೆನೀಸ್ ಮೆಲ್ಲಗೆ ಅಂದಳು, "ನಮ್ಮ ಚಿಕ್ಕಮ್ಮಂದಿರೂ ಏಡಿ ಕೆಲಸಾನೇ ಮಾಡಿದೋರು. ಫೆಬ್ರವರೀಲಿ ಏಡಿ ಎಲ್ಲಿಂದ ಬಂತು? ಕೊಲ್ಲಿ ಇನ್ನೂ ಹೆಪ್ಪುಗಟ್ಟಿದೆ. ದೋಣಿ ನೀರಿಗಿಳಿಯೋದೇ ಏಪ್ರಿಲ್‌ಗೆ."

ರೊಸಾಲಿಗೆ ನಾಚಿಕೆಯಿಂದ ಮುಖ ಬಿಸಿಯಾಯಿತು. ಹುಟ್ಟಿದಾಗಿನಿಂದ ಆ ಮಂಜುಗಡ್ಡೆ ನೋಡುತ್ತಲೇ ಬೆಳೆದವಳು, ಮಾತಿನ ಭರದಲ್ಲಿ ಚಳಿಗಾಲವನ್ನೇ ಮರೆತಿದ್ದಳು. ಇನ್ನು ಈ ಹುಡುಗಿ ಫೋನ್ ಇಟ್ಟುಬಿಡುತ್ತಾಳೆ ಅಂದುಕೊಂಡಳು.

"ತಪ್ಪಾಯ್ತು ಕಣಮ್ಮ. ಇಲ್ಲ ಅಂತಲೇ ಬರ್ಕೊ."

ಕೀಲಿಮಣೆ ಸ್ವಲ್ಪ ಹೊತ್ತು ಸದ್ದು ಮಾಡಿತು. ಕರೆ ಮಾತ್ರ ಕಡಿಯಲಿಲ್ಲ.

"ಬರ್ಕೊಂಡೆ. ಅವರ ಲೆಕ್ಕ ಮುಗೀತು. ಆದ್ರೆ ಕೆಲಸ ಇದ್ದೋರಿಗೆ ಕೇಳೋ ಪ್ರಶ್ನೆ ಇನ್ನೂ ಎರಡು ಉಳಿದಿವೆ. ಕೇಳ್ಲಾ?"

ರೊಸಾಲಿ ಫೋನನ್ನು ಕಿವಿಗೆ ಒತ್ತಿ ಹಿಡಿದಳು. "ಕೇಳಮ್ಮ."

"ನಿಮ್ಮ ಕೆಲಸದ ಜಾಗದಲ್ಲಿ ಒಟ್ಟು ಎಷ್ಟು ಜನ ಇದ್ದೀರಿ?"

"ಇಬ್ರು. ಕೇಳೋಕೆ ನೀನು, ಹೇಳೋಕೆ ನಾನು."

"ಖಾಯಂ ಕೆಲಸಾನಾ, ತಾತ್ಕಾಲಿಕಾನಾ?"

"ತಾತ್ಕಾಲಿಕ," ಎಂದಳು ರೊಸಾಲಿ. "ಇವತ್ತಿಗೆ ಮುಗಿಯುತ್ತೆ."