ಮೀಟರ್ ಪಕ್ಕದ ಉಗ್ರನರಸಿಂಹ

ಲಾರಿಯ ಗೇರ್‌ಬಾಕ್ಸ್ ಎಷ್ಟು ಕಾದಿದೆಯೆಂದು ತೋರಿಸುವ ಮೀಟರಿನ ಮುಳ್ಳು ಸದಾ ಕೆಂಪು ಗೆರೆಯ ಮೇಲೇ ಕೂತಿರುತ್ತಿತ್ತು. ಡ್ರೈವರ್ ಚಲುವಯ್ಯ ಹೆದರಿ ಲಾರಿಯನ್ನು ಗ್ಯಾರೇಜಿಗೆ ತಂದ. ಮೆಕ್ಯಾನಿಕ್ ಸೆನ್ಸರ್ ಬದಲಿಸಿದ, ವೈರು ಬದಲಿಸಿದ, ಕೊನೆಗೆ ಮೀಟರನ್ನೇ ಹೊಸದು ಹಾಕಿದ. ಮುಳ್ಳು ಜಗ್ಗಲಿಲ್ಲ.

ಸೋತ ಮೆಕ್ಯಾನಿಕ್ ಸ್ಪ್ಯಾನರನ್ನು ಡ್ಯಾಶ್‌ಬೋರ್ಡ್ ಮೇಲಿಟ್ಟ. ಅದು ಸರ್ರನೆ ಜಾರಿ, ಮೀಟರಿನ ಬಲಕ್ಕಿದ್ದ ಪುಟ್ಟ ಉಗ್ರನರಸಿಂಹನ ಬುಡಕ್ಕೆ ಟಪ್ಪನೆ ಕಚ್ಚಿಕೊಂಡಿತು.

"ಚಲುವಣ್ಣ, ಸ್ವಾಮಿ ಬುಡದಲ್ಲಿ ಅಯಸ್ಕಾಂತ ಐತೆ. ಅದೇ ಮುಳ್ಳನ್ನ ಎಳ್ಕೊಂಡು ಕೂತೈತೆ. ಕಿತ್ತು ಆಕಡೆ ಇಡು."

"ಬಾಯ್ ಮುಚ್ಲಾ! ಪೂಜೆ ಮಾಡ್ಸಿ ಕೂರಿಸಿರೋ ದೇವ್ರನ್ನ ಕೀಳೋದಾ? ನಾನು ಮನೆ ಸೇರೋದು ಬ್ಯಾಡ್ವಾ?"

"ಹಂಗಾದ್ರೆ ಮುಳ್ಳು ಇಳಿಯಾಕಿಲ್ಲ."

ಚಲುವಯ್ಯ ಗಲ್ಲ ಕೆರೆದುಕೊಂಡ. ಈ ಸ್ವಾಮಿಯ ಉಗ್ರಕೋಪ ಇಳಿಸುವವರು ಯಾರೆಂದು ಅವನಿಗೆ ಗೊತ್ತಿಲ್ಲವೇ? ಎದುರಿನ ಅಂಗಡಿಯಿಂದ ಅಂಥದೇ ಅಯಸ್ಕಾಂತದ ಲಕ್ಷ್ಮಿಯನ್ನು ತಂದು ಮೀಟರಿನ ಎಡಕ್ಕೆ ಕೂರಿಸಿ ಕೈಮುಗಿದ. ಮುಳ್ಳು ನಡುಗುತ್ತಾ ಇಳಿದು ಸರಿಯಾಗಿ ಮಧ್ಯಕ್ಕೆ ಬಂದು ನಿಂತಿತು.

"ನೋಡ್ದಾ? ಅಮ್ಮ ಬಂದ್ಲು, ಅಪ್ಪ ತಣ್ಣಗಾದ."

ಆ ವಾರವೇ ತುಂಬಿದ ಲಾರಿಯಲ್ಲಿ ಘಾಟಿ ಏರುವಾಗ ಕನ್ನಡಿಯ ತುಂಬ ಹೊಗೆ ಕಂಡಿತು. ಸುಟ್ಟ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಕಾಲಡಿಯ ತಗಡು ಚಪ್ಪಲಿಯನ್ನೂ ದಾಟಿ ಚುರುಗುಟ್ಟುತ್ತಿತ್ತು. ಚಲುವಯ್ಯ ಮೀಟರ್ ನೋಡಿದ. ಮುಳ್ಳು ಮಧ್ಯದಲ್ಲೇ ಇತ್ತು.

"ಪಾಪ, ಹಿಂದೆ ಬರೋನು ಅಮ್ಮನ್ನ ಕೂರಿಸಿಲ್ಲ ಅಂತ ಕಾಣ್ತದೆ" ಎಂದು ಮರುಗುತ್ತಾ ಆಕ್ಸಿಲರೇಟರ್ ಒತ್ತಿದ.