ಹದಿನಾರನೆಯ ದಿನ

ಮುಖಕ್ಕೆ ಹಚ್ಚುವ ಸ್ನೋದ ಅರವತ್ತು ವರ್ಷ ಹಳೆಯ ಜಾಹೀರಾತೊಂದನ್ನು ಉಪಸಂಪಾದಕಿ ಇಂಚರ ಭಾನುವಾರದ ಪುರವಣಿಯಲ್ಲಿ ಮತ್ತೆ ಅಚ್ಚು ಹಾಕಿಸಿದ್ದಳು: ‘ಕಪ್ಪು ಕನ್ಯೆಯರೇ, ಹದಿನೈದು ದಿನ ಹಚ್ಚಿ, ಹದಿನಾರನೆಯ ದಿನ ಹಸೆಮಣೆ ಏರಿ!’ ಅದರ ಕೆಳಗೆ ಅರ್ಧ ಪುಟ ಆ ಕಂಪನಿಯ ಜನ್ಮ ಜಾಲಾಡಿದ್ದಳು.

ಬೆಳಗಿನಿಂದ ಪತ್ರಿಕಾ ಕಚೇರಿಯ ಫೋನು ಸುಮ್ಮನಾಗಿರಲಿಲ್ಲ.

“ಮೇಡಂ, ಆ ಸ್ನೋ ಎಲ್ಲಿ ಸಿಗುತ್ತೆ?”

“ಕಂಪನಿ ಮುಚ್ಚಿ ಎಷ್ಟೋ ಕಾಲ ಆಯ್ತು ಸಾರ್. ಕೆಳಗೆ ಬರೆದಿರೋದು ಓದಲಿಲ್ವಾ?”

“ಅಕ್ಷರ ಸಣ್ಣದಿತ್ತು ಮೇಡಂ. ಬೇರೆ ಊರಲ್ಲಾದ್ರೂ ಸಿಗಬಹುದಾ?”

ಹನ್ನೊಂದನೆಯ ಕರೆಗೆ ಅವಳು ರಿಸೀವರನ್ನು ಕುಕ್ಕಿದಳು. ಇಂಥವರಿಗಾಗಿ ನಾನು ರಾತ್ರಿಯೆಲ್ಲ ಕೂತು ಬರೆದದ್ದೇ? ಅಷ್ಟರಲ್ಲಿ ಮೊಬೈಲಿಗೆ ಅಮ್ಮನ ಕರೆ ಬಂತು.

“ನಿನ್ನ ಲೇಖನ ಪೂರ್ತಿ ಓದ್ದೆ ಕಣೇ. ಚೆನ್ನಾಗಿ ಉಗಿದಿದ್ದೀಯ, ಹಾಗೇ ಆಗ್ಬೇಕು ಅವ್ರಿಗೆ.”

ಇಂಚರ ಕುರ್ಚಿಗೆ ಒರಗಿದಳು. “ನೀನೊಬ್ಬಳಾದ್ರೂ ಓದಿದೆಯಲ್ಲಮ್ಮ!”

“ಓದದೇ ಇರ್ತೀನಾ? ಅದಿರಲಿ, ಅದರದೊಂದು ಹಳೇ ಡಬ್ಬಿ ನಿಮ್ಮ ಆಫೀಸಲ್ಲಿ ಇದ್ರೆ ತಗೊಂಡ್ಬಾ. ಗಂಡಿನ ಕಡೆಯವ್ರು ನಿನ್ನ ನೋಡೋಕೆ ಬರೋದಕ್ಕೆ ಸರಿಯಾಗಿ ಹದಿನಾರು ದಿನ ಇದೆ.”