ಗೋಡೆಯದೆಷ್ಟು, ಲೆನ್ಸಿನದೆಷ್ಟು

ಫೋಟೊದಲ್ಲಿ ಗೆರೆ ತಿದ್ದಿದರೆ ನಿಜವಾದ ಕಟ್ಟಡವೂ ಹಾಗೇ ತಿದ್ದಿಕೊಳ್ಳುತ್ತಿದ್ದುದರಿಂದ ಗದುಗಿನ ಫೋಟೊಗ್ರಾಫರ್ ನೀಲಗಂಗಾ ಹೆದರಿ ಹೆದರಿಯೇ ಕೆಲಸ ಮಾಡುತ್ತಿದ್ದಳು. ವೈಡ್ ಲೆನ್ಸನ್ನು ಮೇಲಕ್ಕೆತ್ತಿ ತೆಗೆದ ಚಿತ್ರದಲ್ಲಿ ಮುದುಕಿ ಹುಸೇನಬಿಯ ಮಣ್ಣಿನ ಮನೆಯ ಗೋಡೆಗಳು ಒಳಕ್ಕೆ ವಾಲಿದ್ದವು; ಲೆನ್ಸಿನ ಓರೆಯೇ ಇರಬೇಕು ಅಂದುಕೊಂಡಳು. ಆ ಮನೆಯ ಅಂಗಳದಲ್ಲೇ ಕೂತು, ಫೋಟೊಗ್ರಫಿಯ ಸಂಜೆ ತರಗತಿಯಲ್ಲಿ ಕಲಿಸಿದಂತೆ ಅವನ್ನು ಲ್ಯಾಪ್‌ಟಾಪಿನಲ್ಲಿ ನೆಟ್ಟಗೆ ನಿಲ್ಲಿಸಿದಳು.

ಒಳಗಿನಿಂದ ಹುಸೇನಬಿ ಕೂಗಿದಳು. "ಏನ್ ಮಾಡಿದೆವಾ? ತೊಲಿ ಗ್ವಾಡಿ ಬಿಟ್ಟು ಜಾರಾಕತ್ತಾವ."

"ಗ್ವಾಡಿ ವಾಲಿದ್ವಲ್ರೀ, ಅದಕ್ಕ..."

"ಮಣ್ಣಿನ ಗ್ವಾಡಿ ಕಟ್ಟೋದ ಹಂಗ, ಮ್ಯಾಲೆ ಹೋದಂಗ ಸಣ್ಣ ಆಗಿ ಒಳಗ ವಾಲ್ತಾವು. ಮೊದಲಿನಂಗ ಮಾಡು."

ಮೊದಲಿನ ಚಿತ್ರಕ್ಕೇ ಮರಳಿದರೆ ಲೆನ್ಸಿನ ಓರೆಯೂ ಸೇರಿ ಗೋಡೆಗಳು ಮುದುಕಿಯ ಮೇಲೇ ಕುಸಿಯುತ್ತಿದ್ದವು. ಆ ಓರೆಯಲ್ಲಿ ಗೋಡೆಯದೆಷ್ಟು, ಲೆನ್ಸಿನದೆಷ್ಟು? ನೀಲಗಂಗಾಳಿಗೆ ತಿಳಿಯಲಿಲ್ಲ. ಚಿತ್ರದಲ್ಲಿ ಗೋಡೆಯ ಗೆರೆಯನ್ನು ಕೂದಲೆಳೆಯಷ್ಟು ಒಳಗೆ ತಳ್ಳಿದಳು. ತೊಲೆಗಳು ಜಾರುವ ಸದ್ದು ನಿಂತಿತು.

"ಮೊದಲು ಹಿಂಗ ಇದ್ವೇನ್ರಿ?"

"ಯಾರಿಗ್ ಗೊತ್ತವಾ? ಇಷ್ಟು ವರ್ಷ ತಲಿ ಎತ್ತಿ ನೋಡೇ ಇಲ್ಲ."